ಶುಕ್ರವಾರ ಪೇಟೆಯಿಂದ ನೇಸರಿಗೆ

ಕೊಲ್ಹಾಪುರದ ಶುಕ್ರವಾರ ಪೇಟೆ ಬೆಳಿಗ್ಗೆ ಬೇಗ ಏಳುತ್ತದೆ. ಹಾಲಿನ ಕ್ಯಾನುಗಳ ಸದ್ದು, ಮಿಸಳಿನ ಒಗ್ಗರಣೆಯ ಘಾಟು. ಈ ಪೇಟೆಯ ಜೈನ ಬಸದಿಯ ಶಾಸನದಿಂದಲೇ ಹೊರಡೋಣ. ಭಾಷೆ ಸಂಸ್ಕೃತ, ಅಕ್ಷರ ಹಳಗನ್ನಡದ್ದು. ಶಕ 1065, ಅಂದರೆ ಕ್ರಿ.ಶ. 1143. ಚಂದ್ರಗ್ರಹಣದ ದಿನ ಶಿಲಾಹಾರರ ಅರಸ ವಿಜಯಾದಿತ್ಯ ಪಾರ್ಶ್ವನಾಥನ ಪೂಜೆಗೆಂದು ಹಾವಿನ ಹೇರಿಲಗೆ ಎಂಬ ಊರಿನಲ್ಲಿ ದತ್ತಿ ಬಿಟ್ಟ. ದೊಡ್ಡ ದತ್ತಿಯೇನಲ್ಲ: ಕುಂಡಿ ಕೋಲಿನಲ್ಲಿ ಅಳೆದ ಕಾಲು ನಿವರ್ತನ (ಹಳೆಯ ಭೂಮಿಯಳತೆ) ಹೊಲ, ಹನ್ನೆರಡು ಮೊಳದ ಒಂದು ಮನೆ. ಕುಂಡಿ ಸವದತ್ತಿಯ ರಟ್ಟರ ನಾಡು. ಅಲ್ಲಿನ ಕೋಲು ಇಲ್ಲಿನ ಹೊಲವನ್ನು ಅಳೆಯುತ್ತಿತ್ತು. ಕರ್ಣಪಾರ್ಯ ಕನ್ನಡದಲ್ಲಿ ‘ನೇಮಿನಾಥಪುರಾಣ’ ಬರೆದದ್ದೂ ಇದೇ ಶಿಲಾಹಾರರ ಆಶ್ರಯದಲ್ಲಿ.

ಬಸ್ಸು ಪೂರ್ವಕ್ಕೆ ತಿರುಗುತ್ತದೆ. ಎರಡೂ ಬದಿ ಕಬ್ಬು. ಇಚಲಕರಂಜಿ ಹತ್ತಿರವಾದಂತೆ ಮಗ್ಗದ ಸದ್ದು ಕಿಟಕಿಯಲ್ಲಿ ನುಗ್ಗುತ್ತದೆ. ಇಲ್ಲಿ ಮೊದಲ ವಿದ್ಯುತ್ ಮಗ್ಗ ನಿಂತದ್ದು 1904ರಲ್ಲಿ. ಚಹದಂಗಡಿಯಲ್ಲಿ ಮರಾಠಿಯಲ್ಲಿ ಶುರುವಾದ ಮಾತು ಕನ್ನಡಕ್ಕೆ ಹೊರಳಿ ಮತ್ತೆ ಮರಾಠಿಗೆ ಬರುತ್ತದೆ. ಯಾರೂ ಅದನ್ನು ಗಮನಿಸುವುದಿಲ್ಲ.

ಕುರುಂದವಾಡ ದಾಟಿ ಕೃಷ್ಣೆಯ ದಂಡೆಯ ಖಿದ್ರಾಪುರಕ್ಕೆ ಬನ್ನಿ. ಕೋಪೇಶ್ವರ ಗುಡಿಯ ಮುಂದೆ ಚಪ್ಪಲಿ ಬಿಟ್ಟು ಸ್ವರ್ಗಮಂಟಪಕ್ಕೆ ಹತ್ತಿದರೆ ಕಾಲಿಗೆ ಕಲ್ಲಿನ ಬಿಸಿ ತಟ್ಟುತ್ತದೆ. ನಲವತ್ತೆಂಟು ಕಂಬಗಳು. ತಲೆ ಎತ್ತಿ: ಮಾಡಿನ ನಡುವೆ ದುಂಡಗೆ ಬಯಲು, ಅದರಾಚೆ ಬರೀ ಆಕಾಶ. ಕೆಳಗೆ ಅಷ್ಟೇ ಅಗಲದ ದುಂಡು ಹಾಸುಗಲ್ಲು. ಶಿವನ ಗುಡಿಯಾದರೂ ಎದುರಿಗೆ ನಂದಿಯಿಲ್ಲ. ಅವನು ಹೊಳೆಯಾಚೆ ಯಡೂರಿನಲ್ಲಿದ್ದಾನೆ ಎನ್ನುತ್ತಾರೆ ಊರವರು. ಯಡೂರು ಈಗ ಕರ್ನಾಟಕದಲ್ಲಿದೆ.

ಇಲ್ಲಿ ಹತ್ತು ಹನ್ನೆರಡು ಶಾಸನಗಳಿವೆ. ತೆಂಕಣ ಬಾಗಿಲ ಪಕ್ಕದ ಹೊರಗೋಡೆಯಲ್ಲಿ ಯಾದವ ಸಿಂಘಣನದು ಒಂದು, ದೇವನಾಗರಿಯಲ್ಲಿ. ಉಳಿದವೆಲ್ಲ ಕನ್ನಡದವು. ಸವೆದ ಸಾಲಿನ ಮೇಲೆ ಬೆರಳಾಡಿಸಿದರೆ ಕೆಲವು ಅಕ್ಷರಗಳ ದುಂಡು ಸಿಗುತ್ತದೆ, ಕೆಲವು ಜಾರಿಹೋಗುತ್ತವೆ. ಮಂಟಪದಲ್ಲಿ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತವರಲ್ಲಿ ಒಬ್ಬರೂ ಈ ಕಡೆ ಬರುವುದಿಲ್ಲ. ಅವರನ್ನು ದೂರಿ ಏನು ಪ್ರಯೋಜನ? ಇಲ್ಲಿ ಏನು ಬರೆದಿದೆ ಎಂದು ಅವರಿಗೆ ಹೇಳುವವರು ಬೇಕಲ್ಲ!

ಮರುದಿನ ದಕ್ಷಿಣಕ್ಕೆ, ಗಡಹಿಂಗ್ಲಜದ ಕಡೆ. ದಾರಿಯ ಊರೊಂದರಲ್ಲಿ ಮಾರುತಿ ಗುಡಿಯ ಕಟ್ಟೆಗೆ ವೀರಗಲ್ಲೊಂದು ಒರಗಿದೆ. ಎಣ್ಣೆ, ಸಿಂಧೂರ ಮೆತ್ತಿ ಮುಖ ಮುಚ್ಚಿದೆ. ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ನೋಡಿ. ಮೊದಲ ಅಂಕಣದಲ್ಲಿ ಕಾಳಗ: ಎತ್ತಿದ ಕತ್ತಿ, ಹಿಂದೆ ದನಗಳ ಕೊಂಬು. ತುರು ಬಿಡಿಸಲು ಹೋಗಿ ಸತ್ತವನು. ಅದರ ಮೇಲೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ತುದಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ನೆತ್ತಿಯ ಮೇಲೆ ಸೂರ್ಯಚಂದ್ರರು. ಹೆಸರಿಲ್ಲ. ಊರಿನ ದನಕ್ಕಾಗಿ ಸತ್ತವನನ್ನು ಊರೇ ಮರೆತಿದೆ, ಆದರೆ ದಿನವೂ ಎಣ್ಣೆ ಹಾಕುವುದನ್ನು ಬಿಟ್ಟಿಲ್ಲ. ಆ ಎಣ್ಣೆಗೆ ನಾನು ಋಣಿ. ಅದಿಲ್ಲದಿದ್ದರೆ ಈ ಕಲ್ಲು ಎಂದೋ ಯಾವುದಾದರೂ ಮೋರಿಗೆ ಹಾಸಾಗುತ್ತಿತ್ತು.

ಗಡಹಿಂಗ್ಲಜ ತಾಲೂಕಿನ ನೇಸರಿಯಲ್ಲಿ ಮಾತ್ರ ಏನನ್ನೂ ಹುಡುಕಬೇಕಿಲ್ಲ. 1674ರ ಫೆಬ್ರವರಿ 24ರಂದು ಶಿವಾಜಿಯ ಸರನೌಬತ, ಅಂದರೆ ಸೇನಾಪತಿ, ಪ್ರತಾಪರಾವ ಗುಜರ ಆರೇ ಸವಾರರೊಡನೆ ಬಿಜಾಪುರದ ಬಹಲೋಲಖಾನನ ಸೈನ್ಯದ ಮೇಲೆ ಬಿದ್ದು ಮಡಿದ ಜಾಗವಿದು. ಸ್ಮಾರಕವಿದೆ, ಫಲಕವಿದೆ. ಶಾಲೆಯ ಮಕ್ಕಳು ಬಸ್ಸಿನಿಂದಿಳಿದು ಏಳು ಜನರ ಕಥೆಯನ್ನು ಬಾಯಿಪಾಠ ಒಪ್ಪಿಸುತ್ತಾರೆ. ಕೇಳಿದರೆ ಮೈ ನವಿರೇಳುತ್ತದೆ. ಇಷ್ಟು ಮರ್ಯಾದೆ ಆ ತುರುಗಾಳಗದವನಿಗೂ ಸಲ್ಲಬೇಕಿತ್ತು.

ಅದು ಕಷ್ಟದ ಕೆಲಸವೂ ಅಲ್ಲ. ಶುಕ್ರವಾರ ಪೇಟೆಯ ಶಾಸನವನ್ನು ಕೀಲ್‌ಹಾರ್ನ್ ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿ ನೂರು ವರ್ಷ ದಾಟಿದೆ. ವಾ.ವಿ. ಮಿರಾಶಿಯವರು 1977ರಲ್ಲಿ ಶಿಲಾಹಾರರ ಶಾಸನಗಳನ್ನೆಲ್ಲ ಒಂದೇ ಸಂಪುಟದಲ್ಲಿ ತಂದರು. ಕಾಲು ನಿವರ್ತನದ ಹೊಲ, ಹನ್ನೆರಡು ಮೊಳದ ಮನೆ, ಕೊಟ್ಟವನ ಹೆಸರು, ಗ್ರಹಣದ ದಿನ ಎಲ್ಲವೂ ಗ್ರಂಥಾಲಯದ ಕಪಾಟಿನಲ್ಲಿದೆ. ಅದನ್ನು ನಾಲ್ಕು ಸಾಲು ಮರಾಠಿಯಲ್ಲಿ, ನಾಲ್ಕು ಸಾಲು ಕನ್ನಡದಲ್ಲಿ ಬರೆಸಿ ಕಲ್ಲಿನ ಪಕ್ಕ ನೆಡಬೇಕು. ಹೆಸರಿಲ್ಲದ ವೀರಗಲ್ಲಿಗೆ ಅದರ ಮೂರು ಅಂಕಣಗಳ ಕಥೆ ಹೇಳುವ ಫಲಕವಾದರೂ ಸಾಕು.