ಆಯಿಯ ರೊಟ್ಟಿ ಮತ್ತು ಭೂಮಿಯ ಬಿರುಕು



ನಮ್ಮ ಆಯಿ ಈಗಲೂ ಮನೆಯೊಳಗೆ ಮಲಗುವುದಿಲ್ಲ. ಅಂಗಳದಲ್ಲೇ ಹಾಸಿಗೆ, ಮಳೆ ಬಂದರೆ ತಗಡಿನ ಕೆಳಗೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾದಾಗ, ಆ ಕಡೆ ಕೊಟ್ಟಿದ್ದ ಆಕೆಯ ತಂಗಿ ತೀರಿಕೊಂಡಳು. "ಭೂಮಿ ಬಾಯಿ ತೆರೀತು, ನನ್ನ ತಂಗೀನ ನುಂಗ್ತು" ಅಂತ ಆಯಿ ಹೇಳುತ್ತಾಳೆ. ನಾನೂ ಹಾಗೇ ನಂಬಿದ್ದೆ.

ಹೋದ ತಿಂಗಳು ವಿಜ್ಞಾನದ ಸರ್, "ಭೂಮಿ ಬಾಯಿ ಬಿಡೋ ಜಾಗ ಬೇರೆ ಅದ" ಎಂದರು. ಅದು ಇಥಿಯೋಪಿಯಾ ದೇಶದ ಅಫಾರ್ ಎಂಬ ಬಿಸಿಲು ನಾಡು. ಅಲ್ಲಿ ಭೂಕವಚವನ್ನು ಎರಡೂ ಕಡೆ ಹಿಡಿದು ಎಳೆದಂತೆ ಆಗುತ್ತಿದೆ. 2005ರ ಸೆಪ್ಟೆಂಬರಿನಲ್ಲಿ ಅಲ್ಲಿ ಒಂದರ ಹಿಂದೆ ಒಂದು ಭೂಕಂಪಗಳಾದವು. ಕೆಲವೇ ವಾರಗಳಲ್ಲಿ ಸುಮಾರು 60 ಕಿ.ಮೀ. ಉದ್ದಕ್ಕೂ ನೆಲ ಎರಡೂ ಬದಿಗೆ ಸರಿಯಿತು, ಕೆಲವೆಡೆ 8 ಮೀಟರ್‌ವರೆಗೆ! ನೆಲದಡಿಯ ಆ ಸಂದಿಗೆ ಶಿಲಾರಸ ಬಂದು ತುಂಬಿಕೊಂಡಿತು.

ಅಂದು ಸಂಜೆ ಆಯಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿಗೆ ಎಸರು ಸಾಲದೆ, ಬಡಿದಂತೆಲ್ಲ ಅಂಚು ಬಿರಿಯಿತು. ನನಗೆ ತಟ್ಟನೆ ತಿಳಿಯಿತು. ಭೂಕವಚವೂ ಎಳೆದರೆ ತೆಳುವಾಗಿ ಹೀಗೇ ಬಿರಿಯುತ್ತದೆ. ಬಿರುಕಿನ ಎರಡು ಬದಿ ಒಂದಕ್ಕೊಂದು ಸರಿದರೆ ಅದೇ ಸ್ತರಭಂಗ. ಎಳೆತವಿರುವಲ್ಲಿ ಅದರ ಒಂದು ಬದಿ ಕೆಳಕ್ಕೆ ಜಾರುತ್ತದೆ. ಥಟ್ಟನೆ ಜಾರಿದರೆ ಭೂಕಂಪ. ಎರಡು ಸ್ತರಭಂಗಗಳ ನಡುವಿನ ನೆಲ ಕುಸಿದರೆ ಸೀಳು ಕಣಿವೆ.

ಎಳೆತವೋ ಒತ್ತಡವೋ ಎಂದು ಹೇಗೆ ಗೊತ್ತಾಗುತ್ತದೆ? ಭೂಕಂಪದ ಮೊದಲ ಅಲೆ ಕೆಲವು ಊರಿನ ಮಾಪಕ ಯಂತ್ರಗಳಲ್ಲಿ ನೆಲವನ್ನು ಮೇಲೆ ತಳ್ಳುತ್ತದೆ, ಕೆಲವು ಕಡೆ ಕೆಳಗೆ ಎಳೆಯುತ್ತದೆ. ಯಾವ ದಿಕ್ಕಿಗೆ ಯಾವುದು ಎಂದು ಕೂಡಿಸಿ ನೋಡಿದರೆ ಉತ್ತರ ಸಿಗುತ್ತದೆ.

ಕಿಲ್ಲಾರಿಯದು ಎಳೆತವಲ್ಲ, ಒತ್ತಡ. ನಮ್ಮ ಭೂಫಲಕ ಉತ್ತರಕ್ಕೆ ಏಷ್ಯಾವನ್ನು ಒತ್ತುತ್ತಿದೆ. ಆ ಬಿಗಿತದಲ್ಲಿ ನೆಲದ ಒಂದು ಬದಿ ಇನ್ನೊಂದರ ಮೇಲೆ ಏರಿತು. ಭೂಮಿ ಯಾರನ್ನೂ ನುಂಗಲಿಲ್ಲ. ಕಲ್ಲುಮಣ್ಣಿನ ದಪ್ಪ ಗೋಡೆ, ಭಾರದ ಮಾಳಿಗೆ ಮಲಗಿದವರ ಮೇಲೆ ಬಿದ್ದವು.

ಇದನ್ನು ಆಯಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. "ಹಂಗಾದ್ರ ಭೂಮ್ತಾಯಿ ನುಂಗಿಲ್ಲೇನು? ಗ್ವಾಡಿ ಬಿತ್ತೇನು?" ಎಂದಳು. ಆಮೇಲೆ ಹೊಟ್ಟೆ ಬಂದ ನಮ್ಮ ಹಿತ್ತಲ ಗೋಡೆ ನೋಡಿ, "ನಿಮ್ಮಪ್ಪಗ ಹೇಳು, ಸುಗ್ಗಿ ಆದ ಮ್ಯಾಲ ಅದನ್ನ ಇಳಿಸಲಿ" ಎಂದಳು.

ಅಪ್ಪ ಹೂಂ ಅಂದಿದ್ದಾರೆ. ನೀವೂ ಇವತ್ತು ನೀವು ಮಲಗುವ ಕೋಣೆಯ ಗೋಡೆ ಒಮ್ಮೆ ನೋಡಿರಿ.

– 9ನೇ ತರಗತಿಯ ವಿದ್ಯಾರ್ಥಿನಿ