ಅಟ್ಟದ ಮೇಲಿನ ಜೋನಿಬೆಲ್ಲ

ಅಪ್ಪನಿಗೆ ಶುಗರ್ ಅಂತ ಗೊತ್ತಾದ ವರ್ಷ ನಮ್ಮನೆಯಿಂದ ಸಕ್ಕರೆ ಡಬ್ಬಿಯನ್ನು ಗಡೀಪಾರು ಮಾಡಿದವನು ನಾನೇ. ಬೆಂಗಳೂರಿನಿಂದ ಗ್ಲೂಕೋಮೀಟರ್ ತಂದುಕೊಟ್ಟೆ. ಅಮ್ಮ ಫೋನಿನಲ್ಲಿ ಹೇಳಿದ ನಂಬರುಗಳನ್ನೆಲ್ಲ ಎಕ್ಸೆಲ್ಲಿಗೆ ಹಾಕಿ ಗ್ರಾಫ್ ಮಾಡಿದೆ. 260 ಇದ್ದದ್ದು 180, 130 ಅಂತ ಇಳೀತಾ ಹೋದಾಗ ರಿಲೀಸಿಗೆ ಮುಂಚೆ ಬಗ್ ಕಡಿಮೆಯಾದಷ್ಟೇ ಖುಷಿ. ಒಂದಿನ ಅಮ್ಮ 68 ಅಂದಳು. 'ಸೂಪರ್' ಅಂದೆ. ಸರ್ವರುಗಳಿಗೆ ಮೇಲೊಂದು, ಕೆಳಗೊಂದು ಮಿತಿ ಇಟ್ಟು ಅಲರ್ಟ್ ಬರೆಯೋದು ಆಫೀಸಿನಲ್ಲಿ ನನ್ನ ಕೆಲಸ. ಅಪ್ಪನಿಗೆ ಮಾತ್ರ ಕೆಳಗಿನ ಮಿತಿ ಇಟ್ಟಿರಲೇ ಇಲ್ಲ.

ಹೊಸನಗರದ ಕಡೆ ನಮ್ಮೂರಲ್ಲಿ ಕೊನೆಕೊಯ್ಲು ಶುರುವಾಯ್ತು ಅಂದ್ರೆ ಮನೇಲಿ ಯಾರಿಗೂ ಹೊತ್ತುಗೊತ್ತಿಲ್ಲ. ಅಪ್ಪ ಬೆಳಿಗ್ಗೆ ಮಾತ್ರೆ ನುಂಗಿ, 'ಬಂದು ತಿಂತೇನೆ' ಅಂತ ತೆಳ್ಳೇವು ಬಿಟ್ಟು ತೋಟಕ್ಕಿಳಿಯುತ್ತಿದ್ದ. ಹನ್ನೊಂದು ಗಂಟೆ ಹೊತ್ತಿಗೆ ಸುಮ್ಮಸುಮ್ಮನೆ ಎಲ್ಲರ ಮೇಲೂ ರೇಗಾಟ. ವಯಸ್ಸಾಯ್ತಲ್ಲ ಅಂದುಕೊಂಡರು. ಡಿಸೆಂಬರಿನ ಚಳೀಲಿ ರಾತ್ರಿ ಬನಿಯನ್ ಬೆವತು ಒದ್ದೆ. ಪಿತ್ತ ಇರಬೇಕು ಅಂದುಕೊಂಡರು. ಶುಗರ್ ಕಡಿಮೆಯಾಗೋದೂ ಒಂದು ಕಾಯಿಲೆ ಅಂತ ಯಾರಿಗೆ ಗೊತ್ತಿತ್ತು? ಕಡಿಮೆಯಾಗಲಿ ಅಂತಲೇ ಅಲ್ಲವಾ ಅಷ್ಟೆಲ್ಲ ಪಥ್ಯ!

ಆವತ್ತು ಮೀಟಿಂಗಿನಲ್ಲಿದ್ದೆ. ಅಮ್ಮನ ಫೋನು. "ಇವರು ಎಂತೆಂತದೋ ಮಾತಾಡ್ತಿದಾರೆ. ಹಂಡೆ ಎದುರು ಕೂತವರು ಏಳೋದಿಲ್ಲ, ಮೈಯೆಲ್ಲ ಬೆವರು." ಫೋನು ಕೊಡು ಅಂದೆ. ಜೀವಮಾನದಲ್ಲಿ ಕುಡಿಯದ ಅಪ್ಪ ಕುಡಿದವನ ಹಾಗೆ ತೊದಲುತ್ತಿದ್ದ. ನನ್ನ ಹೆಸರು ಬಿಟ್ಟು ಚಿಕ್ಕಪ್ಪನ ಹೆಸರು ಹಿಡಿದು ಕರೆದ. ಪಾರ್ಶ್ವವಾಯು ಅಂತಲೇ ಎದೆ ಧಸಕ್ ಅಂತು. ಹಿಂದೆ ಕೂತಿದ್ದ ಗೆಳತಿ, ಅವಳಿಗೆ ಚಿಕ್ಕಂದಿನಿಂದ ಇನ್ಸುಲಿನ್ನು, ನನ್ನ ಮಾತು ಕೇಳಿಸಿಕೊಂಡು, "ಶುಗರ್ ನೋಡಿಸು ಮೊದಲು" ಅಂದಳು.

48.

"ಸಕ್ಕರೆ ಕೊಡು ಅಮ್ಮಾ, ನುಂಗೋಕೆ ಆಗ್ತಿದೆ ತಾನೆ?" ಅಂತ ಕೂಗಿದೆ. ಆ ಕಡೆ ಒಂದು ಕ್ಷಣ ಮೌನ. ಸಕ್ಕರೆ ಎಲ್ಲಿದೆ? ಆಮೇಲೆ ಅಮ್ಮ ಮೆತ್ತಗೆ, "ಜೋನಿಬೆಲ್ಲ ಇದ್ದು ಅಟ್ಟದ ಮೇಲೆ, ಕೊಡ್ಲಾ?" ಅಂದಳು. ನನಗೆ ಕಾಣದ ಹಾಗೆ ಬಚ್ಚಿಟ್ಟಿದ್ದಳಂತೆ, ಮೊಮ್ಮಕ್ಕಳ ದೋಸೆಗೆ. ನೀರಲ್ಲಿ ಕದಡಿ ಕುಡಿಸಿದಳು. ಹದಿನೈದು ನಿಮಿಷಕ್ಕೆ 61. ಇನ್ನೊಂದು ಲೋಟ. ಮತ್ತೆ ಹದಿನೈದು ನಿಮಿಷಕ್ಕೆ 84. "ಎಂತ ಗಲಾಟೆ ಮಾರಾಯ ನಿಂದು" ಅಂತ ಅಪ್ಪನ ಸ್ವಂತ ದನಿ ಕೇಳಿದಾಗ ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದೆ.

ಸರಿಯಾಯ್ತಲ್ಲ ಅಂತ ಅಪ್ಪ ಮತ್ತೆ ಅಡಿಕೆ ಬೇಯಿಸೋಕೆ ಹೊರಟಿದ್ದ. ಪಕ್ಕದ ಮನೆಯವರ ಜೀಪಿನಲ್ಲಿ ಬಲವಂತವಾಗಿ ಸಾಗರಕ್ಕೆ ಕರೆದೊಯ್ದಿದ್ದೇ ಒಳ್ಳೇದಾಯ್ತು. ಗ್ಲಿಮೆಪಿರೈಡ್ ಥರದ ಮಾತ್ರೆ, ಉಂಡರೂ ಉಣ್ಣದಿದ್ದರೂ ಮೇದೋಜ್ಜೀರಕದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಬೆಲ್ಲದ ಪ್ರಭಾವ ಮುಗಿದ ಮೇಲೂ ಮಾತ್ರೆಯದ್ದು ಮುಗಿದಿರೋದಿಲ್ಲ, ಗಂಟೆಗಟ್ಟಲೆ ಬಿಟ್ಟು ಮತ್ತೆ ಇಳಿಯಬಹುದು ಅಂತ ಡಾಕ್ಟ್ರು ರಾತ್ರಿಯಿಡೀ ಇಟ್ಟುಕೊಂಡರು. ಮಾತ್ರೆ ಬದಲಾಯಿಸಿದರು.

70ಕ್ಕಿಂತ ಕೆಳಗೆ ಬಂದರೆ ಮೂರ್ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್, ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷೆ, ಏರಿದ ಮೇಲೆ ಅನ್ನವೋ ಅವಲಕ್ಕಿಯೋ. ಮೈಸೂರುಪಾಕು, ಚಾಕಲೇಟು ಬೇಡ, ಜಿಡ್ಡಿದ್ದರೆ ರಕ್ತಕ್ಕೆ ಸೇರೋದು ನಿಧಾನ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹುಯ್ಯಬಾರದು. ಮಗ್ಗುಲಿಗೆ ಮಲಗಿಸಿ, ಆಸ್ಪತ್ರೆಗೆ ಓಡಬೇಕು. ಇಷ್ಟನ್ನು ದೊಡ್ಡಕ್ಷರದಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದೆ. ತೀರ್ಥಹಳ್ಳಿಯ ಅಕ್ಕ ಅದರ ಫೋಟೋ ಹೊಡ್ಕೊಂಡು ಹೋದಳು. ಅವಳ ಮಾವನಿಗೂ ಶುಗರ್ರು, ಜೊತೆಗೆ ಬೀಪಿಯ ಬೀಟಾ ಬ್ಲಾಕರ್ ಮಾತ್ರೆ. ಅದನ್ನು ತಗೊಳ್ಳೋರಿಗೆ ಕೈ ನಡುಕ, ಎದೆಬಡಿತ ಗೊತ್ತೇ ಆಗದಿರಬಹುದಂತೆ, ಬೆವರೊಂದೇ ಸುಳಿವು.

ಅಪ್ಪನ ಕೊಯ್ಲಿನ ಅಂಗಿ ಕಿಸೆಯಲ್ಲಿ ಈಗ ಗ್ಲೂಕೋಸ್ ಪೊಟ್ಟಣ. ಜೋನಿಬೆಲ್ಲದ ಬಾಟಲಿ ಅಟ್ಟದಿಂದಿಳಿದು ಊಟದ ಮೇಜಿಗೆ ಬಂದಿದೆ. ಮೊನ್ನೆ ಊರಿಗೆ ಹೋದಾಗ ನೋಡಿದೆ: ಬಾಟಲಿ ಅರ್ಧ ಖಾಲಿ, ಗ್ಲೂಕೋಮೀಟರಿನ ಮೆಮೊರಿಯಲ್ಲಿ ಮಾತ್ರ 70ಕ್ಕಿಂತ ಕಡಿಮೆಯ ರೀಡಿಂಗ್ ಒಂದೂ ಇಲ್ಲ. ಕೇಳಿದರೆ ಅಮ್ಮ ದೋಸೆ ಮಗುಚೋ ನೆಪದಲ್ಲಿ ಒಳಗೆ ಹೋದಳು. ಅಪ್ಪ ಪೇಪರ್ ಅಡ್ಡ ಹಿಡಿದ.