ಬೆಂಕಿ ಕೋತಿಯ ಜಮಾಖರ್ಚು

ಮಲೆನಾಡಿನ ಮಳೆಗಾಲದಲ್ಲಿ ಶಾಲೆಯ ಪುಸ್ತಕ ಒಣಗುವುದು ಒಲೆಯ ಪಕ್ಕದಲ್ಲೇ. 2009ರ ಜೂನ್ ತಿಂಗಳ ಒಂದು ಸಂಜೆ, ಶಿವಮೊಗ್ಗದ ಒಂದು ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಹುಡುಗನ ರಫ್ ಪುಸ್ತಕವನ್ನು ಹೀಗೆ ಒಣಗಲು ಹರಡಿದ ತಾಯಿಯ ಕಣ್ಣು ಕೊನೆಯ ಹಾಳೆಯ ಮೇಲೆ ನಿಂತಿತು. ‘ಮೀನು 252, ಬಾತು 192, ಸಿಂಹದ ಮರಿ 64’ ಎಂದು ಬರೆದು, ಕೆಳಗೆ ಐದೈದರ ಕಟ್ಟು ಮಾಡಿ ಗೀಟು ಎಳೆಯಲಾಗಿತ್ತು. ಮೀನಿನ ಗೀಟುಗಳು ಪುಟ ತುಂಬಿ ಮುಂದಿನ ಪುಟಕ್ಕೂ ಹರಿದಿದ್ದವು. ಆಕೆ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವರು. ಅಂಕಿ ಕಂಡರೆ ಹೆದರುವವರಲ್ಲ. ಆದರೆ ಮೀನು, ಬಾತು, ಅದರ ಮುಂದೊಂದು ನಂಬರು ಎಂದ ಮೇಲೆ ಯಾವ ತಾಯಿಗೆ ತಾನೆ ಮಟ್ಕಾದ ನೆನಪಾಗುವುದಿಲ್ಲ?

“ಏನೋ ಇದು? ಯಾರ ಹತ್ರ ಕಟ್ತಾ ಇದೀಯ?”

“ಕಟ್ಟೋದಲ್ಲಮ್ಮ, ಪೊಕೆಮಾನ್. ಕೋತಿಗೆ ತಾಲೀಮು.”

ಈ ಉತ್ತರದಿಂದ ಆಕೆಗೆ ಸಮಾಧಾನವಾಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಅಮೆರಿಕದಲ್ಲಿರುವ ಮಾವ ರಜೆಗೆ ಬಂದಿದ್ದರು. ಅವರ ಮಗಳ ಕೈಯಲ್ಲಿ ಒಂದು ನಿಂಟೆಂಡೊ ಡಿಎಸ್. ಅವಳ ಹಳೆಯದೊಂದು ಈ ಹುಡುಗನ ಪಾಲಿಗೆ ಬಂದಿತ್ತು, ಜೊತೆಗೆ 2006ರಲ್ಲಿ ಜಪಾನಿನಲ್ಲಿ ಹೊರಬಂದ ‘ಪೊಕೆಮಾನ್ ಡೈಮಂಡ್’ ಎಂಬ ಆಟ. ನಮ್ಮ ಮಕ್ಕಳಿಗೆ ಪೊಕೆಮಾನ್ ಪರಿಚಯವಾದದ್ದು 2003ರಿಂದ ಕಾರ್ಟೂನ್ ನೆಟ್‌ವರ್ಕ್ ಚಾನೆಲ್ ಮೂಲಕ. ಆದ್ದರಿಂದ ಅದೊಂದು ಟೀವಿ ಧಾರಾವಾಹಿ ಎಂದೇ ಬಹಳ ಮಂದಿಯ ತಿಳಿವಳಿಕೆ. ವಾಸ್ತವವಾಗಿ ಆಟವೇ ಮೊದಲು. ಸತೋಶಿ ತಾಜಿರಿ ಎಂಬಾತ ಟೋಕಿಯೋದ ಅಂಚಿನ ಮಾಚಿದಾದಲ್ಲಿ ಬೆಳೆದವನು. 1965ರಲ್ಲಿ ಹುಟ್ಟಿದ ಅವನಿಗೆ ಬಾಲ್ಯದಲ್ಲಿ ಹುಳುಗಳನ್ನು ಹಿಡಿದು ಸಾಕುವ ಹುಚ್ಚು. ನಗರ ಬೆಳೆದು ಕೆರೆ, ಗದ್ದೆಗಳನ್ನು ನುಂಗಿತು. ಹುಳು ಹಿಡಿಯುವ ಆ ಸುಖವನ್ನೇ ಅವನು ಆಟವಾಗಿ ಕಟ್ಟಿದ. 1996ರ ಫೆಬ್ರುವರಿಯಲ್ಲಿ ಮೊದಲ ಆಟಗಳು ಬಂದವು. ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ, ಒಬ್ಬನು ಸಾಕಿದ ಪ್ರಾಣಿಯನ್ನು ಇನ್ನೊಬ್ಬನು ಸಾಕಿದ್ದರ ಜೊತೆ ಕಾದಾಡಿಸಬಹುದಿತ್ತು. ಡಿಎಸ್ ಕಾಲಕ್ಕೆ ತಂತಿಯೂ ಬೇಕಿರಲಿಲ್ಲ.

ಕಾದಾಟವೆಂದರೆ ಗುಂಡಿ ಒತ್ತುವ ಚುರುಕುತನದ ಆಟವಲ್ಲ. ಚದುರಂಗದ ಹಾಗೆ ಇಬ್ಬರೂ ಯೋಚಿಸಿ ನಡೆ ಆಯ್ದುಕೊಳ್ಳಬೇಕು. ಪ್ರತಿ ಪ್ರಾಣಿಗೂ ಆರು ಗುಣ: ಜೀವ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ, ವೇಗ. ಗುದ್ದುವುದು, ಕಚ್ಚುವುದು ದಾಳಿಯ ಲೆಕ್ಕಕ್ಕೆ. ಬೆಂಕಿ ಉಗುಳುವುದು, ಮಿಂಚು ಹೊಡೆಯುವುದು ವಿಶೇಷ ದಾಳಿಯ ಲೆಕ್ಕಕ್ಕೆ. ಗುದ್ದನ್ನು ತಡೆಯುವುದು ರಕ್ಷಣೆ, ಬೆಂಕಿಯನ್ನು ತಡೆಯುವುದು ವಿಶೇಷ ರಕ್ಷಣೆ. ಎರಡೂ ಬೇರೆ ಬೇರೆ ಖಾತೆಗಳು, ಒಂದರ ಹಣ ಇನ್ನೊಂದಕ್ಕೆ ಬಾರದು.

ಮಾವನ ಮಗಳ ಬಳಿ ಒಂದು ಜೋಡಿ ಇತ್ತು. ಸ್ಕಾರ್ಮರಿ ಎಂಬ ಉಕ್ಕಿನ ಹಕ್ಕಿ, ಬ್ಲಿಸ್ಸಿ ಎಂಬ ಗುಲಾಬಿ ಬಣ್ಣದ ದುಂಡು ದಾದಿ. ಹಕ್ಕಿಗೆ ಗುದ್ದು ನಾಟದು, ದಾದಿಗೆ ಬೆಂಕಿ ನಾಟದು. ಗುದ್ದುವವನು ಬಂದರೆ ಹಕ್ಕಿಯನ್ನು ಕಳಿಸುತ್ತಿದ್ದಳು, ಬೆಂಕಿಯವನು ಬಂದರೆ ದಾದಿಯನ್ನು. ಜಗತ್ತಿನಾದ್ಯಂತ ಪೊಕೆಮಾನ್ ಆಡುವವರೆಲ್ಲ ಈ ಜೋಡಿಗೆ ತಲೆ ಚಚ್ಚಿಕೊಂಡವರೇ.

ಹುಡುಗನ ಅಸ್ತ್ರ ಇನ್‌ಫರ್ನೇಪ್. ತಲೆಯ ಮೇಲೆ ಬೆಂಕಿ ಉರಿಯುವ ಕೋತಿ. ಹುಟ್ಟಿನಿಂದಲೇ ಅದರ ದಾಳಿ 104, ವಿಶೇಷ ದಾಳಿಯೂ 104, ವೇಗ 108. ಮೈಮಾತ್ರ ಮೆತ್ತಗೆ. ರಕ್ಷಣೆ ಎರಡರಲ್ಲೂ 71.

ಮೊದಲ ವಾರ ಅವನು ಬರೀ ಗುದ್ದುವ ಕೋತಿಯನ್ನು ಬೆಳೆಸಿದ. ಹಕ್ಕಿ ಬಂತು. ‘ಕ್ಲೋಸ್ ಕಾಂಬ್ಯಾಟ್’ ಎಂಬ ಗುದ್ದಿನ ಸುರಿಮಳೆಗೆ ಹಕ್ಕಿಯ 172 ಜೀವದಲ್ಲಿ ಹೋದದ್ದು ಐವತ್ತೋ ಅರವತ್ತೋ. ಅದು ರೆಕ್ಕೆ ಮಡಿಸಿ ಕುಳಿತು ವಿಶ್ರಮಿಸಿದರೆ 86 ಮರಳಿ ಬರುತ್ತಿತ್ತು! ಕಳೆದದ್ದಕ್ಕಿಂತ ಬಂದದ್ದೇ ಹೆಚ್ಚು. ಎರಡನೇ ವಾರ ಬರೀ ಬೆಂಕಿಯ ಕೋತಿ. ಈ ಸಲ ದಾದಿ ಬಂದಳು. 362 ಜೀವದಲ್ಲಿ ಬೆಂಕಿ ಸುಟ್ಟದ್ದು 55ರಿಂದ 66. ಅವಳು ತನ್ನ ಮೊಟ್ಟೆ ತಾನೇ ತಿಂದು 181 ಮರಳಿ ಪಡೆದಳು. ಹುಡುಗ ಊಟ ಬಿಟ್ಟು ಮಲಗಿದ. ಸೋತದ್ದಕ್ಕಿಂತ ಹೆಚ್ಚಾಗಿ, ಅವಳು ಆಟದ ಮಧ್ಯೆ ಆಕಳಿಸಿದ್ದು ಅವನನ್ನು ಚುಚ್ಚಿತ್ತು.

ಆಮೇಲೆ ಹೊಳೆದದ್ದೇ ಎರಡೂ ಬಲ್ಲ ಕೋತಿ. ಹಕ್ಕಿಗೆ ಬೆಂಕಿ, ದಾದಿಗೆ ಗುದ್ದು. ಹೇಳುವುದು ಸುಲಭ. ಆದರೆ ಒಂದು ಪ್ರಾಣಿಗೆ ತಾಲೀಮಿನಿಂದ ಕೊಡಬಹುದಾದ ಅಂಕ ಒಟ್ಟು 510 ಮಾತ್ರ, ಒಂದು ಗುಣಕ್ಕೆ ಉಪಯೋಗವಾಗುವುದು 252ರವರೆಗೆ. ಇಂಗ್ಲಿಷಿನಲ್ಲಿ ಎಫರ್ಟ್ ವ್ಯಾಲ್ಯೂ ಎನ್ನುತ್ತಾರೆ, ಶ್ರಮದ ಅಂಕ ಎನ್ನಬಹುದು. ಮ್ಯಾಜಿಕಾರ್ಪ್ ಎಂಬ ಮೀನನ್ನು ಒಂದು ಸಲ ಸೋಲಿಸಿದರೆ ವೇಗಕ್ಕೆ ಒಂದು ಅಂಕ. ಬಾತಿನ ಹಾಗಿರುವ ಸೈಡಕ್ ಸೋತರೆ ವಿಶೇಷ ದಾಳಿಗೆ ಒಂದು. ಸಿಂಹದ ಮರಿಯಂಥ ಶಿಂಕ್ಸ್ ಸೋತರೆ ದಾಳಿಗೆ ಒಂದು. ಎಷ್ಟಾಯಿತೆಂದು ಆ ಆಟ ಎಲ್ಲಿಯೂ ತೋರಿಸುತ್ತಿರಲಿಲ್ಲ. ಬರೆದಿಟ್ಟುಕೊಳ್ಳದಿದ್ದರೆ ಕೆಟ್ಟಂತೆ. ಗೀಟುಗಳ ಗುಟ್ಟು ಇದೇ. ನಡುವೆ ಬಿಡೂಫ್ ಎಂಬ ಪೆದ್ದು ಪ್ರಾಣಿ ಅಡ್ಡ ಬಂದರೆ ಹೊಡೆಯದೆ ಓಡಿಹೋಗಬೇಕು. ಹೊಡೆದರೆ ಬೇಡದ ಜೀವದ ಖಾತೆಗೆ ಒಂದು ಅಂಕ ಜಮಾ!

ಇದಲ್ಲದೆ ಸ್ವಭಾವ ಬೇರೆ. ಪ್ರಾಣಿಗಳ ಸ್ವಭಾವಗಳು 25. ಹೆಚ್ಚಿನವು ಒಂದು ಗುಣವನ್ನು ನೂರಕ್ಕೆ ಹತ್ತರಷ್ಟು ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುತ್ತವೆ. ಗುದ್ದುವ ಕೋತಿಗೆ ವಿಶೇಷ ದಾಳಿ ಇಳಿದರೆ ನಷ್ಟವಿಲ್ಲ, ಬೇಡದ್ದನ್ನು ಮಾರಿ ವೇಗ ಕೊಂಡ ಹಾಗೆ. ಎರಡೂ ಬೇಕೆನ್ನುವ ಕೋತಿಗೆ ಬೇಡದ್ದೆಂಬುದೇ ಇಲ್ಲ. ಮೊದಲೇ ತೆಳುವಾದ ರಕ್ಷಣೆಯನ್ನೇ ಮಾರಬೇಕು. ವೇಗ ಏರಿ ವಿಶೇಷ ರಕ್ಷಣೆ ಇಳಿಯುವ ‘ನೈವ್’ ಸ್ವಭಾವ, ಅಂದರೆ ಮುಗ್ಧ, ಹುಡುಗನಿಗೆ ಸಿಕ್ಕಿದ್ದು 17ನೇ ಮೊಟ್ಟೆಯಲ್ಲಿ. ವೇಗವನ್ನು ಕಡಿಮೆ ಮಾಡುವಂತೆಯೂ ಇರಲಿಲ್ಲ. ಮೈ ಮೆತ್ತಗಿದ್ದವನು ಮೊದಲು ಹೊಡೆಯಬೇಕು, ಇಲ್ಲವಾದರೆ ಹೊಡೆಯುವುದೇ ಇಲ್ಲ. ಹಾಗಾಗಿ 252 ಮೀನು ಖಾಯಂ. ಉಳಿದ 256 ಅಂಕವನ್ನು ದಾಳಿಗೂ ವಿಶೇಷ ದಾಳಿಗೂ ಹಂಚಬೇಕು.

ಇಷ್ಟನ್ನೂ ಹುಡುಗ ಒಲೆಯ ಮುಂದೆ ಕುಳಿತು ವಿವರಿಸಿದ. ಪ್ರೌಢಶಾಲೆಗೆ ಬಂದ ಮೇಲೆ ಅವನು ತಾಯಿಯೊಡನೆ ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು.

“ಎರಡೂ ಬೇಕು ಅಂತೀಯ. ಹಾಗಾದ್ರೆ ಅರ್ಧ ಅರ್ಧ ಮಾಡೋದಪ್ಪ, 128, 128” ಎಂದರು ಆಕೆ. ಗೋಡೆಯ ಮೇಲೆ ತಂದೆ ಅಂಟಿಸಿದ್ದ ಓದಿನ ವೇಳಾಪಟ್ಟಿಯಲ್ಲೂ ಆರು ವಿಷಯಕ್ಕೆ ದಿನಕ್ಕೆ ತಲಾ ಅರ್ಧ ಗಂಟೆ ಎಂದಿತ್ತು.

“ಬೇಡಮ್ಮ. ಪೂರ್ತಿ 252 ಕೊಟ್ಟು ಗುದ್ದಿದ್ರೂ ದಾದಿ ಒಂದೇ ಏಟಿಗೆ ಬೀಳಲ್ಲ. ಹದಿನಾರರಲ್ಲಿ ಹದಿನಾಲ್ಕು ಸಲ ಎರಡು ಏಟು ಬೇಕೇ ಬೇಕು. ಎರಡು ಏಟು ಹೇಗೂ ಬೇಕು ಅಂದ್ಮೇಲೆ ಅಷ್ಟ್ಯಾಕೆ ಖರ್ಚು?”

“ಹಾಗಾದ್ರೆ ಸೊನ್ನೆ ಕೊಡು.”

ಹುಡುಗ ಅದನ್ನೂ ಲೆಕ್ಕ ಹಾಕಿದ್ದ. ಎರಡು ಏಟಿನ ನಡುವೆ ದಾದಿ ಮೊಟ್ಟೆ ತಿನ್ನುತ್ತಾಳೆ. ಆದ್ದರಿಂದ ಕಳೆಯಬೇಕಾದದ್ದು 362 ಮತ್ತು 181, ಒಟ್ಟು 543. ದಾಳಿಗೆ ಸೊನ್ನೆ ಕೊಟ್ಟರೆ ಎರಡು ಏಟಿಗೆ 496ರಿಂದ 588. ನಾಣ್ಯ ಚಿಮ್ಮಿದ ಹಾಗೆ, ಗೆದ್ದರೆ ಗೆದ್ದ, ಸೋತರೆ ಸೋತ. ಅರವತ್ತರ ಆಸುಪಾಸು ಕೊಟ್ಟರೆ 528ರಿಂದ 624. ಹತ್ತರಲ್ಲಿ ಒಂಬತ್ತು ಸಲ ದಾದಿ ನೆಲಕ್ಕೆ. ಮಿಕ್ಕದ್ದೆಲ್ಲ ಬೆಂಕಿಗೆ. ಬೆಂಕಿ ಬಿದ್ದರೆ ಹಕ್ಕಿಗೆ ಕಡಿಮೆಯೆಂದರೂ 180 ನಷ್ಟ, ಅದಕ್ಕಿರುವ ಜೀವವೇ 172. ಹುಟ್ಟಿನ ಅಂಕ ಎಂಬ ಇನ್ನೊಂದು ಬಾಬತ್ತಿದೆ. ಅದನ್ನು ಎಲ್ಲರಿಗೂ ಪೂರ್ತಿ 31 ಎಂದೇ ಹಿಡಿದಿದ್ದ. ಭೌತಶಾಸ್ತ್ರದ ಲೆಕ್ಕದಲ್ಲಿ ‘ಘರ್ಷಣೆ ಇಲ್ಲವೆಂದು ಭಾವಿಸಿ’ ಎನ್ನುವುದಿಲ್ಲವೆ, ಹಾಗೆ.

ತಾಯಿ ಕನ್ನಡಕ ಹಾಕಿಕೊಂಡರು. “ಈ 64 ಹೇಗೆ ಬಂತು, ಬಿಡಿಸಿ ತೋರ್ಸು.”

ಸೂತ್ರ ಸರಳ. ಮೂಲ ಅಂಕದ ಎರಡರಷ್ಟು 208, ಹುಟ್ಟಿನ 31, ಶ್ರಮದ ನಾಲ್ಕರಲ್ಲೊಂದು ಪಾಲು 16, ಒಟ್ಟು 255. ಪ್ರಾಣಿ 50ನೇ ಹಂತದಲ್ಲಿರುವುದರಿಂದ ಅದರ ಅರ್ಧ, 127.5. ಭಿನ್ನರಾಶಿ ಬಿಟ್ಟು 5 ಕೂಡಿಸಿದರೆ ದಾಳಿ 132. ವಿಶೇಷ ದಾಳಿಗೆ 192 ಕೊಟ್ಟರೆ 287ರ ಅರ್ಧ 143.5. ಭಿನ್ನರಾಶಿ ಬಿಟ್ಟು 5 ಕೂಡಿಸಿದರೆ 148.

ಸಹಕಾರ ಸಂಘದ ಲೆಕ್ಕದಲ್ಲಿ ಅರ್ಧ ಪೈಸೆ ತಾಳೆಯಾಗದಿದ್ದರೂ ರಾತ್ರಿ ಕುಳಿತು ಹುಡುಕುವ ಹೆಂಗಸು. ಬೆರಳು ಎರಡು ಕಡೆ ಇಟ್ಟರು.

“ಇಲ್ಲೊಂದು ಅರ್ಧ ಬಿತ್ತು. ಅಲ್ಲೊಂದು ಅರ್ಧ ಬಿತ್ತು. ಎರಡು ಅರ್ಧ ಸೇರಿದ್ರೆ ಒಂದಾಗಲ್ವೇನೋ?”

ಹುಡುಗ ನೋಡಿಯೇ ನೋಡಿದ. ಸಿಂಹದ ಮರಿಯಿಂದ ನಾಲ್ಕು ತೆಗೆದು 60 ಮಾಡಿದರೂ 254ರ ಅರ್ಧ 127, ದಾಳಿ ಅದೇ 132. ಆ ನಾಲ್ಕನ್ನು ಬಾತಿಗೆ ಸೇರಿಸಿ 196 ಮಾಡಿದರೆ 288ರ ಅರ್ಧ 144, ವಿಶೇಷ ದಾಳಿ 149. ಮೂರು ದಿನದಿಂದ ಅದೇ ಲೆಕ್ಕವನ್ನು ತಿದ್ದುತ್ತಿದ್ದ ಅವನಿಗೆ ಇದು ಕಂಡಿರಲಿಲ್ಲ.

ನಡೆಗಳೂ ಎಣಿಸಿದ್ದೇ, ಒಂದು ಪ್ರಾಣಿಗೆ ನಾಲ್ಕೇ. ಬೆಂಕಿ, ಗುದ್ದಿನ ಸುರಿಮಳೆ, ಯಾರಿಗಿಂತಲೂ ಮೊದಲು ತಾಗುವ ಸಣ್ಣದೊಂದು ಗುದ್ದು, ಮತ್ತೆ ‘ಗ್ರಾಸ್ ನಾಟ್’ ಎಂಬ ಹುಲ್ಲಿನ ಗಂಟು. ಈ ನಾಲ್ಕನೆಯದು ಸ್ವಾರಸ್ಯದ್ದು. ಕಾಲಿಗೆ ಗಂಟು ತೊಡರಿ ಎಡವಿ ಬೀಳಬೇಕು, ಎದುರಾಳಿ ಭಾರವಾದಷ್ಟೂ ಪೆಟ್ಟು ಜೋರು. 300 ಕಿಲೋ ತೂಗುವ ನೀರಾನೆ ಹಿಪ್ಪೌಡನ್‌ಗೆ ಇದರ ಶಕ್ತಿ 120, ಹತ್ತು ಕಿಲೋ ಇಲ್ಲದವನಿಗೆ ಬರೀ 20. ಆಟ ಕಟ್ಟಿದವರಲ್ಲಿ ಯಾರೋ ಭೌತಶಾಸ್ತ್ರವನ್ನು ಮನಸ್ಸಿಟ್ಟು ಓದಿದ್ದಿರಬೇಕು.

ಗೀಟು ಎಳೆಯುವ ಕಷ್ಟ ಮುಂದೆ ಬಂದ ಆಟಗಳಲ್ಲಿ ಕರಗಿತು. 2013ರಿಂದ ಶ್ರಮದ ಅಂಕ ಪರದೆಯ ಮೇಲೆಯೇ ಕಾಣತೊಡಗಿತು. 2019ರಲ್ಲಿ ಸ್ವಭಾವದ ಪರಿಣಾಮವನ್ನು ಬದಲಿಸುವ ಎಲೆಯೂ ಬಂತು, ಅಂಗಡಿಯ ಟಾನಿಕ್ 26 ಬಾಟಲಿ ಕುಡಿಸಿದರೆ 252 ತುಂಬುತ್ತದೆ. ಇಷ್ಟು ಸುಲಭವಾದ ಮೇಲೂ 2023ರಲ್ಲಿ ಯೊಕೊಹಾಮಾದ ವಿಶ್ವ ಪಂದ್ಯಕ್ಕೆ ಕೆಲವರು ಕೃತಕವಾಗಿ ತಿದ್ದಿದ ಪ್ರಾಣಿಗಳನ್ನು ತಂದು ಅನರ್ಹರಾದರು. ಇರಲಿ. ಶಿವಮೊಗ್ಗದ ಹುಡುಗನಿಗೆ ಇನ್ನೂ 196 ಬಾತು, 60 ಮರಿ ಬಾಕಿಯಿದ್ದವು. ದಿನಕ್ಕೆ ಒಂದು ಗಂಟೆ, ಅದೂ ಓದು ಮುಗಿದ ಮೇಲೆ ಎಂದು ಕರಾರಾಯಿತು. ಗೀಟು ಎಳೆಯುವ ಪುಸ್ತಕ ಅಮ್ಮನ ಸುಪರ್ದಿಗೆ ಹೋಯಿತು.

ಮಾವ ಹೊರಡುವ ಹಿಂದಿನ ದಿನ ಪಂದ್ಯ. ತಲಾ ಮೂರು ಪ್ರಾಣಿ. ಕೋತಿಯನ್ನು ಕಂಡ ಕೂಡಲೆ ಹುಡುಗಿ ಹಕ್ಕಿಯನ್ನು ಬಿಟ್ಟಳು, ಆಕಳಿಸಲೂ ಸಿದ್ಧಳಾದಳು. ಬೆಂಕಿ ಬಿತ್ತು. ಹಕ್ಕಿ ಒಂದೇ ಏಟಿಗೆ ಉರುಳಿತು. “ಓ, ಬೆಂಕಿಯದಾ?” ಎಂದು ದಾದಿಯನ್ನು ಕಳಿಸಿದಳು. ಗುದ್ದು ಬಿತ್ತು. ಮೊಟ್ಟೆ ತಿಂದಳು ದಾದಿ. ಇನ್ನೊಂದು ಗುದ್ದು. ಹುಡುಗಿ ಯಂತ್ರವನ್ನು ಮುಖದ ಹತ್ತಿರ ತಂದು ನೋಡಿದಳು. ಮೂರನೆಯದಾಗಿ ಬಂದದ್ದು ಟೆಂಟಕ್ರುಯಲ್ ಎಂಬ ಲೋಳೆಮೀನು. ಅದಕ್ಕೆ ಬೆಂಕಿಯೂ ಅರ್ಧ, ಗುದ್ದೂ ಅರ್ಧ. ಎರಡು ಸಲ ಮೈಮರೆತು ಗುದ್ದಿ ರಕ್ಷಣೆ ಕಳೆದುಕೊಂಡಿದ್ದ ಕೋತಿ ಒಂದು ಅಲೆಗೆ ಕೊಚ್ಚಿಹೋಯಿತು. ಆದರೆ ಹುಡುಗನ ಬಳಿ ಇನ್ನೂ ಇಬ್ಬರಿದ್ದರು. ಲೋಳೆಮೀನು ಒಂಟಿ.

ರಾತ್ರಿ ಮತ್ತೊಂದು ಪಂದ್ಯವಾಯಿತು. ಹುಡುಗಿ ಮೊದಲಿಗೇ ಲೋಳೆಮೀನನ್ನು ಬಿಟ್ಟಳು, ಹಕ್ಕಿಯನ್ನು ಕೊನೆಯವರೆಗೂ ಹೊರಗೆ ತೆಗೆಯಲಿಲ್ಲ. ಎರಡೂ ಬಲ್ಲವನೆಂದು ಗೊತ್ತಾದ ಮೇಲೆ ಕೋತಿಯ ಅರ್ಧ ಬಲ ಹೋದ ಹಾಗೆಯೇ. ಹುಡುಗ ಸೋತ. ಈ ಸಲ ಅವಳು ಆಕಳಿಸಲಿಲ್ಲ.

ಮರುದಿನ ಮಾವನ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಹುಡುಗ ರಫ್ ಪುಸ್ತಕ ಕೇಳಿ ಪಡೆದ. ಗೀಟುಗಳ ಕೆಳಗೆ ತಾಯಿ ಸಂಘದ ರೂಢಿಯಂತೆ ಗೆರೆ ಎಳೆದು ಲೆಕ್ಕ ಮುಗಿಸಿದ್ದರು. ಜಮಾ 510. ಖರ್ಚು 252, 196, 60, ಒಟ್ಟು 508.

“ಎರಡು ಉಳಿದಿದೆ, ಏನ್ಮಾಡ್ತೀಯ?”

“ಎರಡಕ್ಕೆ ಏನೂ ಬರಲ್ಲಮ್ಮ. ನಾಲ್ಕಾದ್ರೂ ಬೇಕು.”

“ಇರ್ಲಿ, ಬರ್ಕೊಂಡಿರು” ಎಂದು ಅವರೇ ಕೆಂಪು ಶಾಯಿಯಲ್ಲಿ ಬರೆದರು: ಶಿಲ್ಕು 2.